ಮೊಟ್ಟೆಗೊಂದು ಇಸ್ತ್ರಿ

ನಮ್ಮ ಮನೆಗೆ ಮೊಟ್ಟೆ ಬಂದದ್ದು ಡಾಕ್ಟರ ಚೀಟಿಯ ಮೇಲೆ. ಮಗ ನಾಲ್ಕು ವರ್ಷದವನಿದ್ದಾಗ ತುಂಬ ಪೀಚಲಾಗಿದ್ದಾನೆಂದು ಡಾಕ್ಟರು ಟಾನಿಕ್ಕಿನ ಹೆಸರಿನ ಕೆಳಗೆ ‘ದಿನಕ್ಕೊಂದು ಮೊಟ್ಟೆ’ ಎಂದು ಬರೆದರು. ಅಮ್ಮ ಚೀಟಿಯನ್ನು ಎರಡು ಸಲ ಓದಿಸಿಕೊಂಡು, ಔಷಧ ಅಂದಮೇಲೆ ಇನ್ನೇನು ಮಾಡಕ್ಕಾಗತ್ತೆ ಎಂದು ಒಪ್ಪಿದಳು. ಆದರೆ ಷರತ್ತುಗಳಿದ್ದವು. ಮೊಟ್ಟೆ ಅಡುಗೆಮನೆಯ ಹೊಸ್ತಿಲು ದಾಟಕೂಡದು. ಮಹಡಿಯ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸಂಡಿಗೆ ಹಿಟ್ಟು ಕಾಸುತ್ತಿದ್ದ ಒಂಟಿ ಒಲೆಯ ಮೇಲೆ ಬೇಯಬೇಕು. ಅದಕ್ಕೆಂದೇ ಒಂದು ಪುಟ್ಟ ಹಿಂಡಾಲಿಯಂ ಬಾಣಲೆ. ಆ ಬಾಣಲೆ ಮೆಟ್ಟಿಲು ಇಳಿಯುವ ಹಾಗಿಲ್ಲ. ಮಗನಿಗೆ ಈಗ ಮೂವತ್ತನಾಲ್ಕು ವರ್ಷ, ಎಂಬತ್ತಾರು ಕೆಜಿ. ಚೀಟಿಯ ಅವಧಿ ಮುಗಿಯಿತೆಂದು ಹೇಳುವ ಧೈರ್ಯ ಯಾರಿಗೂ ಬಂದಿಲ್ಲ. ಷರತ್ತುಗಳೂ ಹಾಗೇ ಇವೆ.

ನಾವಿರುವುದು ಮೈಸೂರಿನ ಗೋಕುಲಂನಲ್ಲಿ. ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರಂನಿಂದ ಈ ಕಡೆಗೆ ಬಂದಮೇಲೆ, ಮನೆಯ ಮೇಲೊಂದು ರೂಮು ಇದ್ದವರೆಲ್ಲ ಅಂತಾರಾಷ್ಟ್ರೀಯ ವ್ಯಕ್ತಿಗಳಾಗಿಬಿಟ್ಟೆವು. ನಮ್ಮ ಮಹಡಿ ರೂಮಿನಲ್ಲಿ ಮೂರು ತಿಂಗಳು ಇಟಲಿಯ ಹೆಂಗಸೊಬ್ಬಳಿದ್ದಳು. ಕೋಳಿ ಕೂಗುವ ಮುಂಚೆ ಎದ್ದು ಚಾಪೆ ಸುತ್ತಿಕೊಂಡು ಹೋಗುತ್ತಿದ್ದಳು. ಅಮಾವಾಸ್ಯೆ ಹುಣ್ಣಿಮೆಗೆ ಯೋಗಶಾಲೆ ರಜ ಎಂದು ತಿಳಿದ ದಿನದಿಂದ ಅಮ್ಮನಿಗೆ ಅವಳ ಮೇಲೆ ವಿಪರೀತ ಗೌರವ. “ನೋಡು, ಅವಳಿಗಿರೋ ಆಚಾರ ನಿನಗಿಲ್ಲ” ಎಂದು ಅರವತ್ತೆರಡು ವರ್ಷದ ನನಗೆ ಹೇಳುತ್ತಿದ್ದಳು.

ಅಂಥದೊಂದು ಹುಣ್ಣಿಮೆಯ ರಜೆಯಲ್ಲಿ ಅವಳು ಫ್ರಿಟಾಟಾ ಮಾಡಿ ನನಗೊಂದು ತುಂಡು ಕೊಟ್ಟಳು. ಅಂಗೈ ದಪ್ಪ, ಹೊಂಬಣ್ಣ, ಹೂವಿನಷ್ಟು ಮೆತ್ತಗೆ. ಮನೆಯ ನಿಯಮದಂತೆ ಮೆಟ್ಟಿಲ ಮೇಲೆ ಕೂತು ತಿಂದೆ. ಅವಳು ಮಾಡುವಾಗ ನೋಡಿದ್ದೆ: ಕಿಟಕಿಯಾಚೆ ನೋಡುತ್ತ, ಏನೋ ಗುನುಗುತ್ತ, ಹತ್ತು ನಿಮಿಷದಲ್ಲಿ ಮುಗಿಸಿದ್ದಳು. ನಾನು ಮೋಸಹೋದದ್ದು ಆ ಗುನುಗಿಗೆ.

ಅವಳು ಹೇಳಿದ ಕೆಲವು ಮಾತುಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ಫ್ರಿಟಾಟಾ ಅನ್ನುವ ಹೆಸರು ಅವರ ಭಾಷೆಯಲ್ಲಿ ‘ಕರಿಯುವುದು’ ಅನ್ನುವ ಮಾತಿನಿಂದ ಬಂದದ್ದಂತೆ. ಯಾರಾದರೂ ಎಡವಟ್ಟು ಮಾಡಿಕೊಂಡು ಇನ್ನು ಸರಿಮಾಡಲಾಗದು ಅನ್ನುವ ಹಾಗಾದರೆ ಇಟಲಿಯಲ್ಲಿ ‘ಫ್ರಿಟಾಟಾ ಆಯ್ತು’ ಅನ್ನುತ್ತಾರಂತೆ. ಆಡಿದ ಮಾತನ್ನು ತಿರುಚಿ ತಪ್ಪನ್ನು ಎದುರಿನವನ ತಲೆಗೆ ಕಟ್ಟುವವನಿಗೆ ‘ಫ್ರಿಟಾಟಾ ಮಗುಚಿದ’ ಅನ್ನುತ್ತಾರಂತೆ. ಒಂದಿಡೀ ಭಾಷೆಯೇ ಇಷ್ಟು ಎಚ್ಚರಿಕೆ ಕೊಟ್ಟಿದ್ದರೂ ನನಗೆ ಹೊಳೆದದ್ದು ಒಂದೇ: ಇದೇನು ಮಹಾ, ದಪ್ಪ ಆಮ್ಲೆಟ್ ತಾನೇ?

ಅವಳು ಊರಿಗೆ ಹೋದಳು. ಹೋಗುವಾಗ ಫ್ರಿಜ್ಜಿನಲ್ಲಿ ಅರ್ಧ ಚೀಸನ್ನೂ ನನ್ನ ತಲೆಯಲ್ಲಿ ಒಂದು ಹುಳವನ್ನೂ ಬಿಟ್ಟುಹೋದಳು. ಭಾನುವಾರ ಮಗ, ಸೊಸೆ, ಮೊಮ್ಮಗ ಬೆಂಗಳೂರಿನಿಂದ ಬರುವವರಿದ್ದರು. ಮೂವತ್ತೈದು ವರ್ಷ ವಿಮಾ ಆಫೀಸಿನಲ್ಲಿ ಬೇರೆಯವರ ಅಪಘಾತಗಳ ಕಡತ ನೋಡಿ ನಿವೃತ್ತನಾದವನಿಗೆ ತಾನೂ ಒಂದು ಮಾಡಿ ನೋಡುವ ಹಂಬಲ ಇರುತ್ತದೋ ಏನೋ. ಶನಿವಾರ ರಾತ್ರಿ ಅಮ್ಮನ ಪಕ್ಕ ಕೂತು ವಿಷಯ ಎತ್ತಿದೆ. ಅವಳ ಕಿವಿಯ ಮೆಷಿನ್ನು ಆ ಹೊತ್ತಿನಲ್ಲಿ ಎಂದಿನಂತೆ ಕನ್ನಡಕದ ಡಬ್ಬಿಯಲ್ಲಿ ನಿದ್ದೆ ಮಾಡುತ್ತಿತ್ತು.

“ಅಮ್ಮಾ, ನಾಳೆ ಊಟಕ್ಕೆ ಫ್ರಿಟಾಟಾ.”

“ಹೌದಾ! ಒಳ್ಳೇದಾಯ್ತು ಕಣೋ. ಎಷ್ಟು ದಿನ ಆಗಿತ್ತು!”

ಅಮ್ಮ ಯಾವಾಗ ತಿಂದಿದ್ದಳು ಎಂದು ನನಗೆ ಆಶ್ಚರ್ಯವಾಯಿತು. ಮೂರು ತಿಂಗಳಲ್ಲಿ ಆ ಹೆಂಗಸು ಇನ್ನೇನೇನು ಮಾಡಿದ್ದಾಳೋ.

“ಸ್ವಲ್ಪ ಬೆಣ್ಣೆ ಜಾಸ್ತಿ ಬೇಕು.”

“ಬೆಣ್ಣೆ ಗಿಣ್ಣೆ ಬೇಡ, ಈ ವಯಸ್ಸಿಗೆ.”

“ಮೆತ್ತಗಿರತ್ತಮ್ಮ.”

“ಇರಲಿ, ಹಲ್ಲಿಲ್ಲದವರಿಗೆ ಅದೇ ಸರಿ.”

“ಮಹಡಿ ಮೇಲೇ ಇಟ್ಕೋತೀನಿ.”

“ಮಹಡಿ ಯಾಕೋ? ಕೆಳಗೇ ಇರಲಿ. ಹತ್ತಿ ಇಳಿಯೋದು ಎಲ್ಲಿ ಆಗತ್ತೆ, ಪಾಪ.”

ನನಗೆ ಗಂಟಲು ಕಟ್ಟಿತು. ಮೂವತ್ತು ವರ್ಷದ ಮೇಲೆ ಮೊಟ್ಟೆ ಮೆಟ್ಟಿಲಿಳಿಯಲು ಅಪ್ಪಣೆ! ಅದೂ ಮೊಟ್ಟೆಯ ಮಂಡಿನೋವಿನ ಬಗ್ಗೆ ಇಷ್ಟು ಕಾಳಜಿಯಿಂದ. ಆದರೂ ಸಂಪ್ರದಾಯ ಮುರಿದ ಪಾಪ ನನಗೆ ಬೇಡವೆಂದು ಮಹಡಿಯ ಮೇಲೆಯೇ ಮಾಡುವುದೆಂದು ತೀರ್ಮಾನಿಸಿದೆ.

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟೆ. ಮೊಟ್ಟೆಯನ್ನು ನಮ್ಮ ಬೀದಿಯ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ವಾಣಿವಿಲಾಸ ಮೊಹಲ್ಲಾಕ್ಕೆ ಹೋಗುತ್ತೇವೆ. ಅಲ್ಲಿಯವರು ಮೊಟ್ಟೆ ಕೊಳ್ಳಲು ಗೋಕುಲಂಗೆ ಬರುತ್ತಾರೆ. ನಡುದಾರಿಯಲ್ಲಿ ಎದುರಾದರೆ ಇಬ್ಬರೂ ಹಾಲು ತರಲು ಹೊರಟವರ ಮುಖ ಮಾಡಿಕೊಳ್ಳುತ್ತೇವೆ. ಹನ್ನೆರಡು ಮೊಟ್ಟೆ ಕೊಂಡೆ. ರಸ್ತೆಯುಬ್ಬುಗಳನ್ನು ದಾಟಿ ಮನೆಗೆ ಬಂದಾಗ ಹನ್ನೊಂದಿತ್ತು.

ತರಕಾರಿಯದೊಂದು ಸಮಸ್ಯೆ ಇತ್ತು. ಇಟಲಿಯವಳು ಹಾಕಿದ್ದು ಸುಕಿನಿ ಎಂಬ ಸೌತೆಕಾಯಿಯಂಥ ಕಾಯಿ. ತರಕಾರಿ ಗಾಡಿಯಲ್ಲಿ ಅದಿರಲಿಲ್ಲ. ಇಟಲಿ ಎಂದರೆ ಸೀಮೆ; ಆದ್ದರಿಂದ ಸೀಮೆಯ ಅಡುಗೆಗೆ ಸೀಮೆಬದನೆಕಾಯಿಯೇ ಸರಿ ಎಂದು ನಾನು ತರ್ಕ ಮಾಡಿದೆ. ಎಷ್ಟೋ ಕ್ಲೇಮುಗಳನ್ನು ಇದಕ್ಕಿಂತ ಸಡಿಲವಾದ ತರ್ಕದ ಮೇಲೆ ವಜಾ ಮಾಡಿದ ಅನುಭವ ನನ್ನದು. ಎರಡು ಸೀಮೆಬದನೆಕಾಯಿ ಕೊಂಡೆ.

ಮನೆಗೆ ಬಂದರೆ ಕೆಳಗೆ ಅಡುಗೆಮನೆಯಲ್ಲಿ ಹಬ್ಬ. ಅಮ್ಮ ಈರನಗೆರೆ ಬದನೆಕಾಯಿ ಹುಳಿಗೆ ಹುರಿಯುತ್ತಿದ್ದಾಳೆ, ಹೆಂಡತಿ ಹೆಸರುಬೇಳೆ ಕೋಸಂಬರಿಗೆ ನೆನೆಹಾಕಿದ್ದಾಳೆ, ಗಸಗಸೆ ಪಾಯಸಕ್ಕೆ ಕಾಯಿ ತುರಿದಿಟ್ಟಿದೆ. ನಾನು ಒಬ್ಬನೇ ಎಲ್ಲರಿಗೂ ಅಡುಗೆ ಮಾಡುತ್ತೇನೆಂದು ಹೇಳಿದಮೇಲೂ ಇಷ್ಟು! ನನ್ನ ಮೇಲೆ ಒಂದು ಚೂರೂ ನಂಬಿಕೆ ಇಲ್ಲವಲ್ಲ ಎಂದು ಮನಸ್ಸಿಗೆ ಪಿಚ್ಚೆನಿಸಿತು. ಮಾತಾಡದೆ ಮಹಡಿ ಹತ್ತಿದೆ.

ಇಟಲಿಯವಳ ಲೆಕ್ಕ ಹೀಗಿತ್ತು: ಹತ್ತಿಂಚು ಅಗಲದ ಚಪ್ಪಟೆ ತಳದ ಪ್ಯಾನು, ಆರು ಮೊಟ್ಟೆ, ಒಂದು ಗುಟುಕು ಹಾಲು, ಮೊದಲೇ ಬಾಡಿಸಿ ನೀರು ಇಂಗಿಸಿದ ತರಕಾರಿ, ತುರಿದ ಚೀಸು, ಸಣ್ಣ ಉರಿ. ಅಂಚು ಕಟ್ಟಿದಮೇಲೆ ಐದು ನಿಮಿಷ ಓವನ್ನಿನಲ್ಲಿಟ್ಟು ಮೇಲುಭಾಗವನ್ನು ಬೇಯಿಸುವುದು. ಇಲ್ಲವೇ ತಟ್ಟೆ ಕವುಚಿ ಮಗುಚುವುದು. ನಾವು ಆರು ಜನ, ಆದ್ದರಿಂದ ಎಲ್ಲವನ್ನೂ ದುಪ್ಪಟ್ಟು ಮಾಡಿದೆ. ಮೊಟ್ಟೆ ದುಪ್ಪಟ್ಟಾಯಿತು (ಒಂದು ಕಡಿಮೆ), ಹಾಲು ದುಪ್ಪಟ್ಟಾಯಿತು, ಗುಟುಕು ಎಂದರೆ ನನ್ನ ಗುಟುಕು ಎಂದು ಲೆಕ್ಕ ಹಿಡಿದದ್ದರಿಂದ ನಾಲ್ಕು ಪಟ್ಟಾಯಿತು. ದುಪ್ಪಟ್ಟಾಗದೆ ಉಳಿದದ್ದು ಬಾಣಲೆ. ನಾಲ್ಕು ವರ್ಷದ ಮಗುವಿನ ಒಂದು ಮೊಟ್ಟೆಗಾಗಿ ಕೊಂಡದ್ದು ಅದು. ಏಳಿಂಚು ಅಗಲ, ತಳ ಗುಂಡಗೆ. ಹನ್ನೊಂದು ಮೊಟ್ಟೆ, ಹಾಲು, ಹಸಿಹಸಿ ಸೀಮೆಬದನೆ ಹೋಳು ಎಲ್ಲ ಸೇರಿ ಅದರ ಕಂಠದವರೆಗೆ ಬಂದು ನಿಂತವು. ಬೆಳಗೊಳದ ಕಡೆ ಮಳೆಗಾಲದಲ್ಲಿ ಹೋದರೆ ಕನ್ನಂಬಾಡಿ ಕಟ್ಟೆ ಹೀಗೇ ಕಾಣುತ್ತದೆ.

ಇಪ್ಪತ್ತು ನಿಮಿಷ ಕಳೆಯಿತು. ಅಂಚು ಕಂದಾಯಿತು. ನಡುವೆ ಮೂರಿಂಚು ಆಳದ ಕೆರೆ. ಮಹಡಿಯ ಗಾಳಿಗೆ ಕೆರೆಯಲ್ಲಿ ಸಣ್ಣ ಅಲೆಗಳೂ ಏಳುತ್ತಿದ್ದವು. ಒಲೆಗೆ ಛತ್ರಿ ಹಿಡಿದು ನಿಂತೆ. ಎದುರುಮನೆಯವರು ಬಾಲ್ಕನಿಗೆ ಬಂದು ನೋಡಿ, ಬಿಸಿಲೂ ಇಲ್ಲ ಮಳೆಯೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು ಒಳಗೆ ಹೋದರು.

ಓವನ್! ನಮ್ಮ ಮನೆಯಲ್ಲಿ ಓವನ್ ಇದೆ. ಅಟ್ಟದ ಮೇಲೆ ಅದರ ಪೆಟ್ಟಿಗೆಯನ್ನು ದಿನಾ ನೋಡುತ್ತೇನೆ, ಚಿತ್ರದಲ್ಲಿ ಇಡೀ ಕೋಳಿಯೊಂದು ಕೆಂಪಗೆ ಕೂತಿರುವುದರಿಂದ ಅಮ್ಮ ಆ ಮಗ್ಗುಲನ್ನು ಗೋಡೆಗೆ ತಿರುಗಿಸಿಟ್ಟಿದ್ದಾಳೆ. ಕೆಳಗೆ ಓಡಿ, ಏಣಿ ಹಾಕಿ, ಧೂಳು ಕುಡಿದು, ಪೆಟ್ಟಿಗೆಯನ್ನು ಎದೆಗವಚಿಕೊಂಡು ಇಳಿಸಿ ಬಿಚ್ಚಿದೆ. ಹಳೆ ಪೇಪರಿನ ಸುರುಳಿಗಳ ನಡುವಿನಿಂದ ಮೊದಲು ಒಂದು ಕಿರೀಟ ಮೇಲೆ ಬಂತು. ಆಮೇಲೆ ಪಟ್ಟದ ರಾಜ. ಆಮೇಲೆ ರಾಣಿ. ಅವರ ಹಿಂದೆ ಅಂಗಡಿ ಸಮೇತ ಶೆಟ್ಟಿ-ಶೆಟ್ಟಮ್ಮ, ಒಂದು ಒಂಟೆ, ಕಾಲು ಮುರಿದ ಸಿಪಾಯಿ. ದಸರೆ ಗೊಂಬೆಗಳು!

“ಓವನ್ ನಮ್ಮನೇಲಿದೆಯಲ್ಲಪ್ಪ, ನೀವೇ ಕೊಟ್ರಲ್ಲ” ಎಂದ, ಆಗಷ್ಟೇ ಕಾರಿನಿಂದಿಳಿದು ಬಂದ ಮಗ. ಮೊಮ್ಮಗ ಒಂಟೆ ಎತ್ತಿಕೊಂಡು ಓಡಿದ. ಅಮ್ಮ ಅಡುಗೆಮನೆಯಿಂದ ಇಣುಕಿ, “ಈಗ್ಯಾಕೋ ಗೊಂಬೆ ಇಳಿಸ್ದೆ? ಮಹಾಲಯ ಅಮಾವಾಸ್ಯೆಯಾದರೂ ಕಳೀಲಿ” ಎಂದಳು. ರಾಜನನ್ನು ಪೇಪರಿನಲ್ಲಿ ಸುತ್ತುತ್ತಿದ್ದಾಗ ಮೇಲಿನಿಂದ ವಾಸನೆ ಬಂತು. ಒಲೆ ಆರಿಸಿರಲಿಲ್ಲ.

ತಳ ಸೀದಿತ್ತು. ನಡುವೆ ಕೆರೆ ಹಾಗೇ ಇತ್ತು. ಒಂದೇ ಪದಾರ್ಥ ಏಕಕಾಲಕ್ಕೆ ಹಸಿಯೂ ಕರಕಲೂ ಆಗಿರಬಲ್ಲದು ಎಂದು ನಾನು ಕಂಡುಕೊಂಡದ್ದು ಆಗ. ಇನ್ನುಳಿದದ್ದು ಮಗುಚುವುದು. ಬಾಣಲೆಯ ಮೇಲೆ ತಟ್ಟೆ ಕವುಚಿ, ಟವೆಲ್ಲು ಸುತ್ತಿ, ಮನೆದೇವರನ್ನು ನೆನೆದು ಅರ್ಧ ತಿರುಗಿಸಿದೆ. ಪೂರ್ತಿ ತಿರುಗಿಸಲು ಆಗಲಿಲ್ಲ, ಯಾಕೆಂದರೆ ಬಿಸಿಯಾದ ಮೊಟ್ಟೆಯ ಒಂದು ಧಾರೆ ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ ನನ್ನ ಅಂಗಿಯೊಳಗೇ ಪ್ರಯಾಣ ಹೊರಟಿತ್ತು. ಚೀರಿ ತಿರುಗಿ ನೇರ ಮಾಡಿದೆ. ಒಂದು ಹಿಡಿಯಷ್ಟು ಹಾರಿ ಪ್ಯಾರಪೆಟ್ಟಿನ ಮೇಲೆ ಬಿತ್ತು. ಕಾಗೆ ಬಂತು. ಕಾಗೆ ಮುಟ್ಟಿದರೆ ಪಿತೃಗಳು ಒಪ್ಪಿದರು ಎಂದು ನಮ್ಮಲ್ಲಿ ನಂಬಿಕೆ. ಅದು ಒಮ್ಮೆ ಕೊಕ್ಕಿಟ್ಟು, ತಲೆ ವಾರೆ ಮಾಡಿ ನನ್ನನ್ನು ನೋಡಿ, ಹಾರಿಹೋಯಿತು. ನಮ್ಮಪ್ಪನೂ ಬದುಕಿದ್ದಾಗ ನನ್ನ ಮಾರ್ಕ್ಸ್ ಕಾರ್ಡು ನೋಡಿ ಹೀಗೇ ಎದ್ದುಹೋಗುತ್ತಿದ್ದರು.

ಆಗ ಹೊಳೆದದ್ದು ಕೆಂಡ. ಕೆಳಗೊಂದು ಕೆಂಡ, ಮೇಲೊಂದು ಕೆಂಡ ಇಟ್ಟು ಬೇಯಿಸುವ ಉಪಾಯ ಅಜ್ಜಿಯ ಕಾಲದಲ್ಲಿತ್ತು. ಆದರೆ ಗೋಕುಲಂನಲ್ಲಿ ಭಾನುವಾರ ಹನ್ನೆರಡೂವರೆಗೆ ಕೆಂಡ ಇರುವ ಜಾಗ ಒಂದೇ: ಮೂಲೆಯ ಹೊಂಗೆಮರದ ಕೆಳಗಿನ ಇಸ್ತ್ರಿ ಗಾಡಿ. ತಗಡಿನ ತಟ್ಟೆ ಹಿಡಿದು, ಮೊಟ್ಟೆ ಮೆತ್ತಿದ ತೋಳಿನಲ್ಲಿ ಓಡಿದೆ.

“ನಾಕು ಕೆಂಡ ಬೇಕಿತ್ತಪ್ಪ.”

“ಹೋಮನಾ ಸಾರ್?”

“ಅಲ್ಲ. ಮೊಟ್ಟೆಗೆ.”

ಅವನ ಕೈ ನಿಂತಿತು. ನನ್ನ ತೋಳು ನೋಡಿದ, ಕೆದರಿದ ತಲೆ ನೋಡಿದ, ಮೂರು ದಾರಿ ಕೂಡುವ ಮೂಲೆಯನ್ನೊಮ್ಮೆ ನೋಡಿದ. ಮೊಟ್ಟೆ, ಕುಂಕುಮ, ಇದ್ದಿಲು ಇವೆಲ್ಲ ಒಂದು ಬೆಳಿಗ್ಗೆ ಆ ಮೂಲೆಯಲ್ಲಿ ಕಂಡರೆ ಊರವರು ಏನು ತಿಳಿಯುತ್ತಾರೋ ಅದನ್ನೇ ಅವನೂ ತಿಳಿದ. “ಇವತ್ತು ಅಮಾಸೆ ಅಲ್ವಲ್ಲ ಸಾರ್” ಎಂದ ಮೆಲ್ಲಗೆ. “ಯಾರ್ ಮೇಲೆ ಸಾರ್?”

“ಮಾಟ ಅಲ್ಲಯ್ಯಾ! ತಿನ್ನಕ್ಕೆ. ಕೆಳಗೆ ಬೆಂದಿದೆ, ಮೇಲೆ ಬೆಂದಿಲ್ಲ. ಮೇಲಿಂದ ಬಿಸಿ ತಾಗಬೇಕು.”

ಅವನ ಮುಖ ತಿಳಿಯಾಯಿತು. “ಹಂಗನ್ನಿ. ಮೊಟ್ಟೆಗೆ ಇಸ್ತ್ರಿ.” ಚಿಮ್ಮಟದಲ್ಲಿ ಆರಿಸಿ ಆರಿಸಿ ಎಂಟು ಕೆಂಡ ತಟ್ಟೆಗಿಟ್ಟ. “ಜೋಪಾನ ಸಾರ್. ರೇಷ್ಮೆ ಥರ. ಒಂದ್ ಕಡೆ ನಿಲ್ಲಿಸ್ಬಾರ್ದು.”

ಆ ಬೀದಿಯಲ್ಲಿ ಫ್ರಿಟಾಟಾದ ಮರ್ಮ ಅರ್ಥಮಾಡಿಕೊಂಡವನು ಅವನೊಬ್ಬನೇ. ನಾನು ಕೇಳಲಿಲ್ಲ. ಬಾಣಲೆಗೆ ಮುಚ್ಚಳ ಮುಚ್ಚಿ ಎಂಟೂ ಕೆಂಡವನ್ನು ಅದರ ನಡುವೆ ರಾಶಿ ಸುರಿದೆ. ಮುಚ್ಚಳಕ್ಕೆ ಆವಿ ಹೋಗಲು ಒಂದು ತೂತಿರುತ್ತದೆ. ಮೇಲೆ ಹೋಗುವ ದಾರಿ ಕೆಳಗೆ ಬರುವ ದಾರಿಯೂ ಹೌದು. ಬೂದಿ ಸಣ್ಣಗೆ, ಕಾಳುಮೆಣಸಿನ ಪುಡಿ ಉದುರಿಸಿದಷ್ಟು ಹದವಾಗಿ ಒಳಗೆ ಇಳಿಯತೊಡಗಿತು.

“ರೀ!” ಎಂದು ಕೆಳಗಿನಿಂದ ಹೆಂಡತಿ ಕೂಗಿದಳು. “ಚಿಕ್ಕಪ್ಪ ಬಂದರು!”

“ಯಾವ ಚಿಕ್ಕಪ್ಪ?”

“ನೀವೇ ಕರೆದಿರೋ ಚಿಕ್ಕಪ್ಪ. ಪುಟ್ಟತಾತ!”

ಪುಟ್ಟತಾತ. ಫ್ರಿಟಾಟಾ. ಶನಿವಾರ ರಾತ್ರಿಯ ಮಾತುಕತೆಯೆಲ್ಲ ತಲೆಯೊಳಗೆ ಹಿಂದುಮುಂದಾಗಿ ಓಡಿತು. ಹಲ್ಲಿಲ್ಲದವರು, ಮಂಡಿನೋವಿನವರು, ಬೆಣ್ಣೆ ಕೂಡದವರು, ಕೆಳಗೇ ಇರಬೇಕಾದವರು! ಅಮ್ಮ ಬೆಳಿಗ್ಗೆ ಏಳಕ್ಕೇ ಸರಸ್ವತಿಪುರಂಗೆ ಫೋನು ಮಾಡಿ, ಮಗನೇ ಆಸೆಪಟ್ಟು ಕರೆದಿದ್ದಾನೆಂದು ಹೇಳಿದ್ದಳು. ಹುಳಿ, ಕೋಸಂಬರಿ, ಪಾಯಸ ಎಲ್ಲ ಅವರಿಗೆ. ನಮ್ಮಪ್ಪನ ತಮ್ಮ, ಎಂಬತ್ತೈದು ವರ್ಷ, ಈರುಳ್ಳಿಯನ್ನೂ ಮುಟ್ಟದವರು.

“ಮೊದಲೇ ಹೇಳಬಾರದಿತ್ತಾ?” ಎಂದೆ ಹೆಂಡತಿಗೆ.

“ಮೊಟ್ಟೆ ದಿನವೇ ಅವರನ್ನ ಕರೆದಿದ್ದೀರಲ್ಲ, ಏನೋ ಧೈರ್ಯ ಬಂದಿದೆ ಅಂದ್ಕೊಂಡೆ” ಎಂದಳು. ಅವಳ ಮುಖದಲ್ಲಿ ನಗು ಇತ್ತೋ ಇಲ್ಲವೋ, ಹೊಗೆಯಲ್ಲಿ ಕಾಣಲಿಲ್ಲ.

ಚಿಕ್ಕಪ್ಪ ಹಾಲಿನ ನಡುವೆ ಕೊಡೆ ಊರಿಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ಮೂಗಿನ ಹೊಳ್ಳೆಗಳು ಮಾತ್ರ ಆಡುತ್ತಿದ್ದವು. ಎಲ್ಲರೂ ಉಸಿರು ಬಿಗಿಹಿಡಿದೆವು. ನಾನು “ಇಸ್ತ್ರಿ ಚಿಕ್ಕಪ್ಪ, ಬಟ್ಟೆ ಸ್ವಲ್ಪ ಸೀದು…” ಎಂದು ಶುರುಮಾಡಿದೆ.

“ಗಂಧಕ” ಎಂದರು. “ಹೈಡ್ರೋಜನ್ ಸಲ್ಫೈಡು. ಮೊಟ್ಟೆಯ ಬಿಳಿಭಾಗಕ್ಕೆ ಕಾವು ಮೀರಿದಾಗ ಬರೋದು. ಯಾರು ಮಾಡ್ತಿರೋದು?”

ನಾನು ಮರೆತೇಬಿಟ್ಟಿದ್ದೆ. ಚಿಕ್ಕಪ್ಪ ಇಡೀ ನೌಕರಿ ಮಾಡಿದ್ದು ಸಿಎಫ್‌ಟಿಆರ್‌ಐನಲ್ಲಿ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಆ ಆಹಾರ ಸಂಶೋಧನಾಲಯದಲ್ಲಿ ದೇಶದವರು ತಿನ್ನುವುದೆಲ್ಲ ಗಾಜಿನ ನಳಿಗೆಯೊಳಗೆ ಹೋಗಿ ಬಂದಿದೆ. ಚಿಕ್ಕಪ್ಪ ಬಾಯಿಗೆ ಮೊಟ್ಟೆ ಇಟ್ಟವರಲ್ಲ. ಆದರೆ ಥರ್ಮಾಮೀಟರನ್ನು ಎಷ್ಟು ಮೊಟ್ಟೆಗಳ ಬಾಯಿಗೆ ಇಟ್ಟಿದ್ದರೋ ಲೆಕ್ಕವಿಲ್ಲ.

ಮಂಡಿನೋವನ್ನು ಲೆಕ್ಕಿಸದೆ ಮೆಟ್ಟಿಲು ಹತ್ತಿದರು. ಮುಚ್ಚಳ ತೆಗೆಸಿದರು. ಬಹಳ ಹೊತ್ತು ನೋಡಿದರು. “ಬಿಳಿಭಾಗ 62 ಡಿಗ್ರಿಗೆ ಕಟ್ಟಕ್ಕೆ ಶುರುಮಾಡತ್ತೆ. ಹಳದಿ 65ಕ್ಕೆ, 70ಕ್ಕೆ ಗಟ್ಟಿ. ಹಾಲು ಬೆರೆಸಿದರೆ ಇನ್ನೂ ಮೇಲೆ ಹೋಗತ್ತೆ. ಅದಕ್ಕೆ ನೀನು 600 ಡಿಗ್ರಿ ಕೆಂಡ ಇಟ್ಟಿದೀಯ. ಪ್ರೋಟೀನು ಮುಷ್ಟಿ ಬಿಗಿಹಿಡಿದು ಒಳಗಿರೋ ನೀರನ್ನೆಲ್ಲ ಹಿಂಡಿಬಿಡತ್ತೆ. ಇದೇನು ಹೋಳು?”

“ಸೀಮೆಬದನೆ, ಚಿಕ್ಕಪ್ಪ. ಇಟಲಿ ಅಡುಗೆ ಅಂತ…”

“ಅದು ಮೆಕ್ಸಿಕೋ ಕಡೇದು. ನೂರಕ್ಕೆ ತೊಂಬತ್ತರ ಮೇಲೆ ನೀರು. ನೀನು ಮಾಡಿರೋದು ಅಡುಗೆ ಅಲ್ಲ, ನೀರಾವರಿ.”

ಇಷ್ಟಾದಮೇಲೂ ನಾನು ಸುಮ್ಮನಿರಬಹುದಿತ್ತು. “ಮಕ್ಕಳಿಗೆ ಪ್ರೋಟೀನು ಬೇಕು ಅಂತ ನೀವೇ ಯಾವಾಗಲೂ ಹೇಳ್ತಿದ್ರಲ್ಲ ಚಿಕ್ಕಪ್ಪ, ಅದಕ್ಕೇ ಧೈರ್ಯ ಮಾಡಿದೆ” ಎಂದೆ. ಬಾಣಲೆಯಲ್ಲಿ ಮಗುಚಲಾಗದ್ದನ್ನು ಬಾಯಲ್ಲಿ ಮಗುಚಿದ್ದೆ. ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದ ಎಂಬತ್ತಾರು ಕೆಜಿಯ ಮಗು ಕೆಮ್ಮಿತು.

ಊಟ ಭರ್ಜರಿಯಾಗಿತ್ತು. ಬಾಳೆಲೆ ಹಾಕಿ, ಪುಟ್ಟತಾತನನ್ನು ಮೊದಲ ಎಲೆಗೆ ಕೂರಿಸಿ, ಎಲ್ಲರೂ ಈರನಗೆರೆ ಬದನೆಕಾಯಿಯ ಹುಳಿಯನ್ನು ಎರಡೆರಡು ಸಲ ಹಾಕಿಸಿಕೊಂಡೆವು. ಅಮ್ಮನಿಗೆ ಆ ದಿನ ಏನೇನಾಯಿತೆಂದು ಇವತ್ತಿಗೂ ಪೂರ್ತಿ ಗೊತ್ತಿಲ್ಲ. “ಅವನಿಗೆ ಚಿಕ್ಕಪ್ಪ ಅಂದ್ರೆ ಪ್ರಾಣ. ರಾತ್ರಿಯೇ ಹೇಳ್ದ, ಮಹಡಿ ರೂಮಲ್ಲಿ ಇಟ್ಕೋತೀನಿ ಅಂತ” ಎಂದು ಎಲ್ಲರಿಗೂ ಹೇಳುತ್ತ ಪಾಯಸ ಬಡಿಸಿದಳು. ಚಿಕ್ಕಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ಮೂರು ಗಂಟೆಗೆ, ಮನೆಯೆಲ್ಲ ನಿದ್ದೆಹೋದಮೇಲೆ, ಮಹಡಿ ಹತ್ತಿದೆ. ಅದು ಬಾಣಲೆಯಲ್ಲಿ ಕೂತಿತ್ತು. ಮೇಲೆ ಬೂದಿ, ಕೆಳಗೆ ಇದ್ದಿಲು, ನಡುವೆ ಒಂದಿಷ್ಟು ಹಳದಿ. ಆ ಹಳದಿಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಏನೋ ಒಂಥರಾ ಇತ್ತು. ದೂರದೇಶದ ರುಚಿ, ನಮ್ಮ ನಾಲಿಗೆಗೆ ಒಗ್ಗಲು ಹೊತ್ತು ಬೇಕು, ಅವರದು ಸಂಯಮದ ಅಡುಗೆ ಎಂದುಕೊಂಡು ಇನ್ನೊಂದು ಚೂರು ತಿಂದೆ. ಮಿಕ್ಕದ್ದನ್ನು ಕರಕಲು ಕೆರೆದು, ಕೆಂಡ ಕೊಟ್ಟವನ ಋಣ ತೀರಿಸಲು ಎಲೆಯಲ್ಲಿ ಕಟ್ಟಿಕೊಂಡು ಹೊಂಗೆಮರದ ಕೆಳಗೆ ಹೋದೆ.

ಅವನು ಪೆಟ್ಟಿಗೆ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ದೊಡ್ಡ ತುಂಡು ಮುರಿದು ಅಗಿದ. ಕಣ್ಣು ಕಿರಿದು ಮಾಡಿದ. ಇನ್ನೊಮ್ಮೆ ಅಗಿದ.

“ಉಪ್ಪೇ ಹಾಕಿಲ್ವಲ್ಲ ಸಾರ್?”

ತಿಂಗಳ ಕೊನೆಗೆ ಇಸ್ತ್ರಿಯ ಚೀಟಿ ಬಂತು. ಹೆಂಡತಿ ಎಂದಿನಂತೆ ಗಟ್ಟಿಯಾಗಿ ಓದಿದಳು. ಪ್ಯಾಂಟು 9, ಶರ್ಟು 14, ಹತ್ತಿ ಸೀರೆ 5, ಪಂಚೆ 4, ಮೊಟ್ಟೆ 1.

ಮೊಟ್ಟೆಗೆ ರೇಷ್ಮೆ ಸೀರೆಯ ದರ ಹಾಕಿದ್ದ.